ವಾಲ್ವ್ ಬದಲಾಯಿಸುವ ಮುಂಚೆ ಒಂದು ಮಾತು ಕೇಳಿ: ರಿಪೇರಿ ಆಗುತ್ತಾ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಹೃದಯದ ವಾಲ್ವ್ ಕಾಯಿಲೆ ಬಗ್ಗೆ ಒಂದು ಲೇಖನ ಬಂದಿತ್ತು. ಎರಡು ಸಲ ಓದಿದೆ. ಕಾಯಿಲೆಯ ಲಕ್ಷಣ, ಎಕೋ ಪರೀಕ್ಷೆ, ಸರ್ಕಾರದ ಯೋಜನೆ ಎಲ್ಲವನ್ನೂ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಕೊನೆಯಲ್ಲಿದ್ದ ಒಂದು ಸಾಲು ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ವಾಲ್ವ್ ಕೆಟ್ಟರೆ ಅದನ್ನು ತೆಗೆದು ಕೃತಕ ವಾಲ್ವ್ ಹಾಕುವುದೊಂದೇ ದಾರಿ ಅಂತ ಬರೆದಿದ್ದರು. ಇದು ಸರಿಯಲ್ಲ. ಎಷ್ಟೋ ವಾಲ್ವ್‌ಗಳನ್ನು ರಿಪೇರಿ ಮಾಡಬಹುದು. ಅದರಲ್ಲೂ ಮೈಟ್ರಲ್ ವಾಲ್ವ್, ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಜಾಸ್ತಿ ಕೆಡುವ ವಾಲ್ವ್ ಇದೆಯಲ್ಲ, ಅದನ್ನು ಬಿಸಾಡುವ ಮುಂಚೆ ಉಳಿಸಿಕೊಳ್ಳಲು ಆಗುತ್ತಾ ಅಂತ ನೋಡಲೇಬೇಕು.

ನಾನು ಡಾಕ್ಟರ್ ಅಲ್ಲ. ಹೃದಯದ ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸ್ಕ್ರಬ್ ನರ್ಸ್ ಆಗಿದ್ದೆ. ಈಗ ನಿವೃತ್ತಿ ಆಗಿದೆ. ಸರ್ಜನ್ ಕೈ ಚಾಚಿದಾಗ ಅವರಿಗೆ ಬೇಕಾದ ಸಾಮಾನು ಅವರ ಅಂಗೈಯಲ್ಲಿ ಇರಬೇಕು, ಅದು ನನ್ನ ಕೆಲಸ. ಹೃದಯ ತೆರೆದ ಮೇಲೆ ಸರ್ಜನ್ ಮೊದಲು ಏನು ಕೇಳುತ್ತಾರೆ ಅನ್ನುವುದರಲ್ಲೇ ನನಗೆ ಅರ್ಧ ಗೊತ್ತಾಗಿಬಿಡುತ್ತಿತ್ತು. ಹುಕ್ ಕೇಳಿ, ಆ ಸಣ್ಣ ಕೊಕ್ಕೆಯಿಂದ ವಾಲ್ವಿನ ಎಸಳನ್ನು ಒಂದೊಂದೇ ಜಾಗದಲ್ಲಿ ಮೆಲ್ಲಗೆ ಎತ್ತಿ ನೋಡುತ್ತಾ ಐದು ನಿಮಿಷ ಮಾತಾಡದೆ ನಿಂತರು ಅಂದರೆ ರಿಪೇರಿಗೆ ಪ್ರಯತ್ನ ಮಾಡುತ್ತಾರೆ ಅಂತ ಅರ್ಥ. ಬಂದ ಕೂಡಲೇ ಕತ್ತರಿ ಕೇಳಿದರೆ, ಆ ವಾಲ್ವ್ ಹೋಯಿತು.

ಕನ್ನಡದಲ್ಲಿ ವಾಲ್ವ್‌ಗೆ ಕವಾಟ ಅನ್ನುತ್ತೇವೆ. ಕವಾಟ ಅಂದರೆ ಬಾಗಿಲು. ಹೃದಯದಲ್ಲಿ ಇಂಥ ಬಾಗಿಲು ನಾಲ್ಕಿವೆ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ಮೈಟ್ರಲ್ ಅನ್ನುವುದು ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನದು. ಅದಕ್ಕೆ ಎರಡು ಎಸಳು, ಎಸಳುಗಳನ್ನು ಕೆಳಗಿನಿಂದ ಹಿಡಿದಿರುವ ತೆಳ್ಳನೆಯ ಹುರಿಗಳು, ಸುತ್ತ ಒಂದು ಬಳೆಯಂಥ ಅಂಚು. ಮನೆಯ ಬಾಗಿಲು ಸರಿಯಾಗಿ ಮುಚ್ಚದೇ ಹೋದರೆ ನಾವೇನು ಮಾಡುತ್ತೇವೆ? ಬಡಗಿಯನ್ನು ಕರೆಸುತ್ತೇವೆ. ಅವನು ಮೊದಲು ಕೀಲು ನೋಡುತ್ತಾನೆ, ಚೌಕಟ್ಟು ಸೊಟ್ಟ ಆಗಿದೆಯಾ ನೋಡುತ್ತಾನೆ, ಮರ ಉಬ್ಬಿದ್ದರೆ ಒಂಚೂರು ಹೆರೆಯುತ್ತಾನೆ. ಬಂದವನೇ ಬಾಗಿಲು ಕಿತ್ತು ಕಬ್ಬಿಣದ್ದು ಹಾಕಿಬಿಡಲ್ಲ ಅಲ್ವಾ?

ಇಷ್ಟು ಹಟ ಹಿಡಿದು ಬರೆಯಲು ಕಾರಣ ನನ್ನ ಅಕ್ಕ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಅಕ್ಕನಿಗೆ ಒಂಬತ್ತು ಹತ್ತು ವರ್ಷ ಇದ್ದಾಗ ಗಂಟಲು ನೋವು ಬಂದು ಹೋಯಿತು. ಎರಡು ಮೂರು ವಾರ ಬಿಟ್ಟು ಜ್ವರ ಬಂತು, ಮಂಡಿ ಊದಿಕೊಂಡಿತು. ಮಂಡಿ ಇಳಿದರೆ ಮೊಣಕೈ, ಅದು ಇಳಿದರೆ ಕಾಲಿನ ಗಿಣ್ಣು. ಬೆಳೆಯೋ ಮಕ್ಕಳಿಗೆ ಕೈಕಾಲು ನೋವು ಇದ್ದದ್ದೇ ಅಂದರು. ಇನ್ನೊಬ್ಬರು ವಾತ ಅಂದರು. ಎಣ್ಣೆ ಹಚ್ಚಿದೆವು. ತಾನಾಗಿಯೇ ಹೋಯಿತು, ಎಲ್ಲರೂ ಮರೆತೆವು. ಅದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಅನ್ನುವ ರೋಗಾಣು ಗಂಟಲಿಗೆ ಬರುತ್ತದೆ, ಅದರ ಮೇಲೆ ಯುದ್ಧಕ್ಕೆ ಹೋದ ಮೈ ತನ್ನ ಕೀಲುಗಳ ಮೇಲೆ, ಹೃದಯದ ಮೇಲೆ ತಾನೇ ಬೀಳುತ್ತದೆ. ಕೀಲು ವಾಸಿಯಾಗುತ್ತದೆ. ವಾಲ್ವ್ ವಾಸಿಯಾಗಲ್ಲ. ಎಸಳುಗಳು ವರ್ಷವರ್ಷಕ್ಕೂ ದಪ್ಪ ಆಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹುರಿಗಳು ಮೊಟಕಾಗುತ್ತವೆ.

ಅಕ್ಕನಿಗೆ ಮದುವೆ ಆಯಿತು. ಬಸುರಿಯಾದಾಗ ಉಬ್ಬಸ ಶುರುವಾಯಿತು. ಮಲಗಲು ಆಗುತ್ತಿರಲಿಲ್ಲ, ದಿಂಬು ಒರಗಿಸಿ ಕೂತೇ ನಿದ್ದೆ. ಆಗಲೇ ವಾಲ್ವ್ ವಿಷಯ ಗೊತ್ತಾಗಿದ್ದು. ಮಗು ಹೇಗೋ ಉಳಿಯಿತು, ಅವಳೂ ಉಳಿದಳು. 1986ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಮೆಟಲ್ ವಾಲ್ವ್ ಹಾಕಿದರು. ನಾನು ಆಗ ನರ್ಸಿಂಗ್ ಮೊದಲ ವರ್ಷ. ಅವಳ ಪಕ್ಕ ಮಲಗಿದರೆ ರಾತ್ರಿ ಟಿಕ್ ಟಿಕ್ ಅಂತ ಕೇಳಿಸುತ್ತಿತ್ತು. ಅಮ್ಮ ಗಡಿಯಾರ ನುಂಗಿದ್ದಾಳೆ ಅಂತ ಅವಳ ಮಗ ಎಲ್ಲರಿಗೂ ಹೇಳುತ್ತಿದ್ದ.

ಮೆಟಲ್ ವಾಲ್ವ್ ಹಾಕಿಸಿಕೊಂಡವರು ಬದುಕಿರುವ ತನಕ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ಬಿಟ್ಟರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಜಾಸ್ತಿ ಆದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ. ಈ ಎರಡರ ನಡುವಿನ ಸಣ್ಣ ದಾರಿಯಲ್ಲಿ ನಡೆಯಲು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಈಗ ಅದಕ್ಕೆ ಐಎನ್ಆರ್ ಅನ್ನುತ್ತಾರೆ, ಮೈಟ್ರಲ್ ಜಾಗದಲ್ಲಿ ಮೆಟಲ್ ವಾಲ್ವ್ ಇದ್ದರೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು. ಅಕ್ಕ ಆ ಪರೀಕ್ಷೆಗೆ ತುಮಕೂರಿಗೆ ಬಸ್ಸಿನಲ್ಲಿ ಹೋಗಿಬರಬೇಕಿತ್ತು. ಒಂದು ದಿನದ ಕೂಲಿ ಹೋಗುತ್ತಿತ್ತು. ಸೊಪ್ಪಿನಲ್ಲಿ ಕೆ ವಿಟಮಿನ್ ಇರುತ್ತದೆ, ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ತಿಂದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ, ದಿನವೂ ಒಂದೇ ಸಮ ತಿನ್ನಿ ಅನ್ನುತ್ತಾರೆ. ಬಸ್ಸಾರು, ಮೊಸೊಪ್ಪು ತಿಂದು ಬೆಳೆದವಳು ಹೆದರಿಕೊಂಡು ಸೊಪ್ಪನ್ನೇ ಬಿಟ್ಟುಬಿಟ್ಟಳು.

ಇನ್ನೊಂದು ವಿಷಯ ಇದೆ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಈ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಹೆಂಗಸರಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆ. ಅಕ್ಕನಿಗೂ ಹಾಗೇ ಆಗುತ್ತಿತ್ತು. ಡಾಕ್ಟರಿಗೆ ಹೇಳಲು ನಾಚಿಕೆ. ಮನೆಯಲ್ಲಿ ಹೇಳಿದರೆ ಬೈಗುಳ. ಅದಕ್ಕೆ ಆ ದಿನಗಳಲ್ಲಿ ಮಾತ್ರೆ ಬಿಟ್ಟುಬಿಡುತ್ತಿದ್ದಳು. 1991ರಲ್ಲಿ ಗೌರಿ ಹಬ್ಬದ ಸಮಯ, ಹಬ್ಬದ ಕೆಲಸ ಮುಗಿಯಲಿ ಅಂತ ಇನ್ನೂ ಕೆಲವು ದಿನ ಬಿಟ್ಟಿದ್ದಾಳೆ. ವಾಲ್ವ್ ಕಚ್ಚಿಕೊಂಡಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳು. ಆಮೇಲೆ ಅವಳ ಟ್ರಂಕು ತೆಗೆದು ನೋಡಿದರೆ ಸೀರೆಯ ಮಡಿಕೆಯಲ್ಲಿ ಮಾತ್ರೆಯ ಸ್ಟ್ರಿಪ್ ತುಂಬಿದ ಹಾಗೇ ಇತ್ತು.

ಆಪರೇಷನ್ ಮಾಡಿದವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ಅವಳಿಗೆ ಐದು ವರ್ಷ ಕೊಟ್ಟರು, ಮಗನನ್ನು ಶಾಲೆಗೆ ಸೇರಿಸುವಷ್ಟು ಆಯಸ್ಸು ಕೊಟ್ಟರು. ಅವಳ ವಾಲ್ವ್ ರಿಪೇರಿ ಆಗುತ್ತಿತ್ತೋ ಇಲ್ಲವೋ ನನಗೆ ಯಾವತ್ತೂ ತಿಳಿಯುವುದಿಲ್ಲ. ನಾವು ಕೇಳಲೇ ಇಲ್ಲ. ಹಾಗೆ ಕೇಳಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ.

ವಾಲ್ವ್ ರಿಪೇರಿ ಹೊಸದೇನೂ ಅಲ್ಲ, ಬದಲಾವಣೆಗಿಂತ ಹಳೆಯದು. 1925ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಸೌಟರ್ ಅನ್ನುವ ಸರ್ಜನ್ ಒಬ್ಬ ಹುಡುಗಿಯ ಬಡಿಯುತ್ತಿರುವ ಹೃದಯದೊಳಗೆ ತಮ್ಮ ಬೆರಳು ತೂರಿಸಿ ಬಿಗಿದ ಮೈಟ್ರಲ್ ವಾಲ್ವನ್ನು ಬಿಡಿಸಿದರು. ಅವಳು ಬದುಕಿದಳು. ಆದರೂ ಆಮೇಲೆ ಯಾವ ವೈದ್ಯರೂ ಅವರ ಬಳಿ ಇಂಥ ಇನ್ನೊಬ್ಬ ರೋಗಿಯನ್ನು ಕಳಿಸಲಿಲ್ಲ. ಹೃದಯಕ್ಕೆ ಕೈ ಹಾಕುವುದು ತಪ್ಪು ಅನ್ನುವ ಕಾಲ ಅದು. ಇಪ್ಪತ್ತು ವರ್ಷ ಹಾಗೇ ಹೋಯಿತು. 1945ರಲ್ಲಿ ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ಬೈಲಿ ಮತ್ತೆ ಶುರು ಮಾಡಿದರು. ಅವರ ಮೊದಲ ನಾಲ್ಕು ರೋಗಿಗಳು ಉಳಿಯಲಿಲ್ಲ, ಐದನೆಯವರು ಉಳಿದರು. ನಾಲ್ಕನೆಯ, ಐದನೆಯ ಆಪರೇಷನ್ ಎರಡೂ ಒಂದೇ ದಿನ, 1948ರ ಜೂನ್ 10ರಂದು, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಆದವು. ಬೆಳಿಗ್ಗೆ ಒಬ್ಬರು ಮೇಜಿನ ಮೇಲೆ ತೀರಿಹೋದ ಮೇಲೆ ಮಧ್ಯಾಹ್ನ ಇನ್ನೊಬ್ಬರ ಎದೆ ತೆರೆಯಲು ಹೋದ ಆ ಮನುಷ್ಯನ ಮನಸ್ಸು ಹೇಗಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸವನ್ನು ತಾನೇ ಮಾಡುವ ಹಾರ್ಟ್ ಲಂಗ್ ಮೆಷಿನ್ (ನಾವು ಪಂಪ್ ಅನ್ನುತ್ತೇವೆ) ಬಳಸಿ ಮೊದಲ ಸಲ ಯಶಸ್ವಿಯಾಗಿ ಆಪರೇಷನ್ ಆಗಿದ್ದು 1953ರಲ್ಲಿ, ಜಾನ್ ಗಿಬ್ಬನ್ ಕೈಯಲ್ಲಿ. ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಸೇರಿ ಪಂಜರದೊಳಗೆ ಚೆಂಡು ಇಟ್ಟಂಥ ಕೃತಕ ವಾಲ್ವನ್ನು ಮೈಟ್ರಲ್ ಜಾಗದಲ್ಲಿ ಕೂರಿಸಿ ರೋಗಿ ಬದುಕಿದ್ದು 1960ರಲ್ಲಿ. ಸೌಟರ್ ಅವರ ಬೆರಳು ಅದಕ್ಕಿಂತ ಮೂವತ್ತೈದು ವರ್ಷ ಮುಂಚಿನದು.

ನಾನು 1990ರ ಹೊತ್ತಿಗೆ ಥಿಯೇಟರಿಗೆ ಬಂದಾಗ ಟಬ್ಸ್ ಡೈಲೇಟರ್ ಇನ್ನೂ ನಮ್ಮ ಟ್ರೇಯಲ್ಲಿತ್ತು. ಉದ್ದ ಹಿಡಿಯ ತುದಿಯಲ್ಲಿ ಮುಚ್ಚಿದ ಕೊಡೆಯ ಹಾಗೆ ಎರಡು ಅಲಗು. ಎದೆಯ ಎಡಪಕ್ಕ ತೆರೆದು, ಬಲಗೈ ತೋರುಬೆರಳನ್ನು ಮೇಲಿನ ಕೋಣೆಯಿಂದ ವಾಲ್ವಿನ ತನಕ ಇಳಿಸಿ, ಎಡಗೈಯಿಂದ ಹೃದಯದ ತುದಿಯಲ್ಲಿ ಡೈಲೇಟರ್ ಒಳಗೆ ಬಿಟ್ಟು, ಬೆರಳ ತುದಿಗೆ ಅದು ತಾಗಿದಾಗ ಹಿಡಿ ಒತ್ತುತ್ತಿದ್ದರು. ಅಲಗು ಅಗಲವಾಗುತ್ತಿತ್ತು, ಅಂಟಿದ ಎಸಳು ಬಿಡುತ್ತಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಬೆರಳಿಗೇ ಗೊತ್ತಾಗಬೇಕು. ಪಂಪ್ ಬೇಕಿರಲಿಲ್ಲ, ಖರ್ಚು ಕಡಿಮೆ. ನಮ್ಮ ದೇಶದ ಎಷ್ಟೋ ಬಡ ಹೆಂಗಸರು ಆ ಎರಡು ಅಲಗಿನಿಂದ ಬದುಕಿದ್ದಾರೆ.

ಆಮೇಲೆ ಬಲೂನ್ ಬಂತು. ಜಪಾನಿನ ಕಾಂಜಿ ಇನೋಯಿ ಅನ್ನುವವರು 1984ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಹತ್ತಿಸಿ, ಹೃದಯದ ಬಲ ಮೇಲ್ಕೋಣೆಗೆ ಹೋಗಿ, ನಡುಗೋಡೆಯಲ್ಲಿ ಸೂಜಿಯಿಂದ ತೂತು ಮಾಡಿ ಎಡಕ್ಕೆ ದಾಟುತ್ತಾರೆ. ಬಲೂನಿನ ಮುಂಭಾಗ ಮೊದಲು ಉಬ್ಬುತ್ತದೆ, ಅದನ್ನು ಹಿಂದಕ್ಕೆ ಎಳೆದು ವಾಲ್ವಿಗೆ ಆನಿಸುತ್ತಾರೆ, ಆಮೇಲೆ ಹಿಂಭಾಗ ಉಬ್ಬುತ್ತದೆ, ಆ ಒಂದು ಕ್ಷಣ ನೋಡಲು ಥೇಟ್ ಡಮರುಗ, ಕೊನೆಗೆ ನಡು ಉಬ್ಬಿ ಬಿಗಿದ ಎಸಳುಗಳನ್ನು ಬಿಡಿಸುತ್ತದೆ. ಎದೆ ಕೊಯ್ಯುವಂತಿಲ್ಲ, ಬೇಗ ಮನೆಗೆ ಹೋಗಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಎಷ್ಟೋ ವರ್ಷದಿಂದ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ, ಮೈಸೂರು ಮತ್ತು ಕಲಬುರಗಿಯಲ್ಲೂ ಅವರ ಆಸ್ಪತ್ರೆಗಳಿವೆ. ವಾಲ್ವ್ ಬಿಗಿದಿದೆ, ಎಸಳು ಇನ್ನೂ ಮೆತ್ತಗಿದೆ, ಸೋರಿಕೆ ಜಾಸ್ತಿ ಇಲ್ಲ, ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಅಂದರೆ ಮೊದಲು ಕೇಳಬೇಕಾದ್ದು ಬಲೂನ್ ಬಗ್ಗೆ. ಲೇಖನದಲ್ಲಿ ಇದರ ಹೆಸರೂ ಇರಲಿಲ್ಲ.

ಸೋರುವ ವಾಲ್ವಿಗೆ ಬಲೂನ್ ಆಗಲ್ಲ. ಅಲ್ಲಿ ಕೈಕೆಲಸವೇ ಬೇಕು. ಆ ಕೈಕೆಲಸಕ್ಕೆ ಒಂದು ಲೆಕ್ಕಾಚಾರ ಕೊಟ್ಟವರು ಪ್ಯಾರಿಸ್ಸಿನ ಅಲೈನ್ ಕಾರ್ಪೆಂಟಿಯರ್. ಆ ಹೆಸರಿನ ಅರ್ಥವೂ ಬಡಗಿ ಅಂತಲೇ. ಎಸಳಿನ ಚಲನೆ ಹೇಗಿದೆ ಅಂತ ಮೊದಲು ನೋಡಿ ಅಂದರು. ಚಲನೆ ಸರಿಯಿದ್ದು ಬಳೆ ಮಾತ್ರ ಹಿಗ್ಗಿದೆಯಾ, ಹುರಿ ಹರಿದು ಎಸಳು ಮೇಲಕ್ಕೆ ಹಾರುತ್ತಿದೆಯಾ, ಇಲ್ಲ ರುಮ್ಯಾಟಿಕ್ ಕಾಯಿಲೆಯ ಹಾಗೆ ಎಸಳು ಬಿಗಿದುಕೊಂಡು ಚಲಿಸುತ್ತಲೇ ಇಲ್ಲವಾ? ಕಾರಣ ತಿಳಿದರೆ ಮದ್ದು ತಿಳಿಯುತ್ತದೆ. 1983ರಲ್ಲಿ ಅವರು ಇದನ್ನೆಲ್ಲ ವಿವರವಾಗಿ ಪ್ರಕಟಿಸಿದರು. ನನ್ನ ಅಕ್ಕನ ಆಪರೇಷನ್‌ಗೆ ಮೂರು ವರ್ಷ ಮುಂಚೆ. ಪ್ಯಾರಿಸ್ಸಿನಿಂದ ನಮ್ಮ ತನಕ ಬರಲು ಕಾಲ ಹಿಡಿಯಿತು.

ರಿಪೇರಿ ಹೇಗೆ ಮಾಡುತ್ತಾರೆ ಅಂತ ಜನರಿಗೆ ಗೊತ್ತಾದರೆ ಧೈರ್ಯ ಬರುತ್ತದೆ, ಅದಕ್ಕೆ ನಾನು ನೋಡಿದ್ದನ್ನು ಬರೆಯುತ್ತೇನೆ. ಎದೆಮೂಳೆಯನ್ನು ಗರಗಸದಿಂದ ಸೀಳಿ ರಿಟ್ರಾಕ್ಟರ್ ಹಾಕಿ ಅಗಲಿಸುತ್ತಾರೆ. ಹೆಪಾರಿನ್ ಕೊಟ್ಟು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ರೋಗಿಯನ್ನು ಪಂಪಿಗೆ ಜೋಡಿಸುತ್ತಾರೆ. ಮಹಾಧಮನಿಗೆ ಕ್ಲಾಂಪ್ ಹಾಕಿ, ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಹರಿಸಿದರೆ ಹೃದಯ ನಿಧಾನವಾಗಿ ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ನನ್ನ ಕೈ ನಡುಗಿತ್ತು. ಆ ಕ್ಲಾಂಪ್ ಹಾಕಿದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಹೃದಯವನ್ನು ಜಾಸ್ತಿ ಹೊತ್ತು ನಿಲ್ಲಿಸಿಟ್ಟಷ್ಟೂ ಅದಕ್ಕೆ ಕಷ್ಟ. ವಾಲ್ವ್ ಬದಲಾಯಿಸಲು ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳಬಹುದು, ರಿಪೇರಿಗೆ ಹಾಗೆ ಹೇಳಲು ಆಗಲ್ಲ. ಸರ್ಜನ್‌ಗಳು ಬದಲಾವಣೆ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ, ನಾನು ಅದನ್ನು ಅರ್ಥ ಮಾಡಿಕೊಳ್ಳಬಲ್ಲೆ.

ಅಂಟಿಕೊಂಡ ಎರಡು ಎಸಳಿನ ಸಂದನ್ನು ಸಣ್ಣ ಬ್ಲೇಡಿನಿಂದ ಬಿಡಿಸುತ್ತಾರೆ. ಬಳೆಯ ಅಂಚಿಗೆ ಎರಡು ಮೂರು ಮಿಲಿಮೀಟರ್ ಇರುವಾಗಲೇ ನಿಲ್ಲಿಸಬೇಕು, ದಾಟಿದರೆ ಅಲ್ಲೇ ಸೋರುತ್ತದೆ. ಹುರಿಗಳು ಅಂಟಿ ಒಂದೇ ಗಂಟಾಗಿದ್ದರೆ ಅವನ್ನು ಸೀಳಿ ಬೇರೆ ಬೇರೆ ಮಾಡುತ್ತಾರೆ. ಎಸಳಿನ ಮೇಲೆ ಗಟ್ಟಿ ಪೊರೆ ಕಟ್ಟಿರುತ್ತದೆ, ಹಲಸಿನ ಬೀಜದ ಸಿಪ್ಪೆ ಬಿಡಿಸಿದ ಹಾಗೆ ಅದನ್ನು ಸುಲಿಯುತ್ತಾರೆ, ಸುಲಿದ ಮೇಲೆ ಎಸಳು ಮತ್ತೆ ಬಾಗುವುದನ್ನು ನೋಡಬೇಕು ನೀವು. ಎಸಳು ಕುಗ್ಗಿ ಚಿಕ್ಕದಾಗಿದ್ದರೆ ತೇಪೆ ಹಾಕುತ್ತಾರೆ. ತೇಪೆಗೆ ಬಟ್ಟೆ ಎಲ್ಲಿಂದ? ಹೃದಯವನ್ನು ಸುತ್ತಿರುವ ಪೆರಿಕಾರ್ಡಿಯಂ ಅನ್ನುವ ಚೀಲದಿಂದ, ರೋಗಿಯದೇ. ಒಂದು ತುಂಡು ಕತ್ತರಿಸಿ ನನ್ನ ಕೈಗೆ ಕೊಡುತ್ತಿದ್ದರು. ಅದನ್ನು ಸುಕ್ಕಿಲ್ಲದ ಹಾಗೆ ಹರಡಿ, ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಕೆಲವು ನಿಮಿಷ ನೆನೆಸಿ, ಸಲೈನ್‌ನಲ್ಲಿ ಚೆನ್ನಾಗಿ ಜಾಲಿಸಿ ಕೊಡುವುದು ನನ್ನ ಪಾಲಿನ ಕೆಲಸ. ಆ ಕೆಲಸ ನನಗೆ ತುಂಬಾ ಇಷ್ಟ ಇತ್ತು. ಹರಿದ ಹುರಿಯ ಬದಲು ಗೋರ್‌ಟೆಕ್ಸ್ ದಾರ ಕಟ್ಟುತ್ತಾರೆ. ಅದು ಜಾರುವ ದಾರ, ಗಂಟು ಒಂದು ಕೂದಲೆಳೆ ಆಚೀಚೆ ಆದರೂ ಎಸಳಿನ ಎತ್ತರ ತಪ್ಪುತ್ತದೆ. ಆ ಗಂಟು ಹಾಕುವಾಗ ಥಿಯೇಟರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಕೊನೆಗೆ ಹಿಗ್ಗಿದ ಬಳೆಗೆ ರಿಂಗ್. ಸೈಜರ್ ಇಟ್ಟು ಅಳತೆ ತೆಗೆಯುತ್ತಾರೆ, ಬಳೆಗಾರ ಕೈ ಅಳತೆ ನೋಡಿದ ಹಾಗೆ. ಸುತ್ತಲೂ ಹಸಿರು ಒಂದು ಬಿಳಿ ಒಂದು ದಾರ ಹಾಕುತ್ತಾ ಹೋಗುತ್ತಾರೆ, ಗೋಜಲಾಗದಿರಲಿ ಅಂತ ಎರಡು ಬಣ್ಣ. ಅವನ್ನೆಲ್ಲ ರಿಂಗಿಗೆ ಪೋಣಿಸಿ, ರಿಂಗನ್ನು ಕೆಳಗಿಳಿಸಿ ಗಂಟು ಹಾಕುತ್ತಾರೆ. ಆಮೇಲೆ ಬಲ್ಬ್ ಸಿರಿಂಜಿನಲ್ಲಿ ಸಲೈನ್ ತುಂಬಿ ವಾಲ್ವಿನ ಕೆಳಕ್ಕೆ ಚಿಮ್ಮಿಸುತ್ತಾರೆ. ಎರಡು ಎಸಳು ಉಬ್ಬಿ ಒಂದಕ್ಕೊಂದು ಸೇರಿ ಮುಚ್ಚಿಕೊಂಡು, ನೀರು ವಾಪಸ್ ಬರದಿದ್ದರೆ ಗೆದ್ದ ಹಾಗೆ. ಆದರೂ ನಿಜವಾದ ಪರೀಕ್ಷೆ ಹೃದಯ ಮತ್ತೆ ಬಡಿಯಲು ಶುರುವಾದ ಮೇಲೆ. ಅನ್ನನಾಳದೊಳಗೆ ಇಳಿಸಿದ ಎಕೋ ಪ್ರೋಬಿನಿಂದ ಪರದೆಯ ಮೇಲೆ ಸೋರಿಕೆ ನೋಡುತ್ತಾರೆ. ಸೋರಿಕೆ ಜಾಸ್ತಿ ಇದ್ದರೆ ಮತ್ತೆ ಪಂಪ್, ಮತ್ತೆ ಕ್ಲಾಂಪ್, ಮತ್ತೆ ಎಲ್ಲ ಮೊದಲಿನಿಂದ. ಮಧ್ಯಾಹ್ನ ಮೂರು ಗಂಟೆಗೆ ಊಟ ಇಲ್ಲದೆ ನಿಂತಿರುವಾಗ ಇನ್ನೊಂದು ಸಲ ನೋಡೋಣ ಅನ್ನುವ ಸರ್ಜನ್‌ಗಳ ಜೊತೆ ನಾನು ಕೆಲಸ ಮಾಡಿದ್ದೇನೆ. ಅವರಿಗೆ ನನ್ನ ನಮಸ್ಕಾರ.

ಈಗ ಪಕ್ಕೆಲುಬಿನ ಸಂದಿನಲ್ಲಿ ಸಣ್ಣ ಗಾಯ ಮಾಡಿ ಉದ್ದನೆಯ ಸಾಮಾನುಗಳಿಂದ ಮಾಡುವುದಿದೆ, ರೋಬೋಟ್ ಇದೆ, ಇಟಲಿಯ ಆಲ್ಫಿಯೇರಿ ಎರಡು ಎಸಳಿನ ನಡುವೆ ಹಾಕುತ್ತಿದ್ದ ಒಂದು ಹೊಲಿಗೆಯನ್ನು ನೋಡಿ ಮಾಡಿದ, ಎರಡು ಎಸಳನ್ನು ನಡುವೆ ಹಿಡಿದಿಡುವ ಮೈಟ್ರಾಕ್ಲಿಪ್ ಅನ್ನುವ ಸಣ್ಣ ಕ್ಲಿಪ್ ಇದೆ. ಒಳ್ಳೆಯವೇ. ಆದರೆ ನಮ್ಮ ತಾಲ್ಲೂಕುಗಳಿಂದ ಬರುವ ರುಮ್ಯಾಟಿಕ್ ವಾಲ್ವಿಗೆ ಕ್ಲಿಪ್ ಸಾಮಾನ್ಯವಾಗಿ ಹೊಂದುವುದಿಲ್ಲ. ಮೊದಲೇ ಬಿಗಿದ ಬಾಗಿಲನ್ನು ಅದು ಇನ್ನಷ್ಟು ಕಿರಿದು ಮಾಡುತ್ತದೆ.

ಎಲ್ಲ ವಾಲ್ವ್ ರಿಪೇರಿ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ವಯಸ್ಸಾದಂತೆ ಸಡಿಲವಾಗಿ ಸೋರುವ ವಾಲ್ವಿನ ರಿಪೇರಿ ಬಹಳ ಚೆನ್ನಾಗಿ ನಿಲ್ಲುತ್ತದೆ. ರುಮ್ಯಾಟಿಕ್ ವಾಲ್ವ್ ಹಾಗಲ್ಲ, ಸುಣ್ಣದ ಹಾಗೆ ಕ್ಯಾಲ್ಸಿಯಂ ಕಟ್ಟಿ ಕಲ್ಲಾಗಿದ್ದರೆ ಯಾರ ಕೈಯಲ್ಲೂ ಆಗಲ್ಲ, ರಿಪೇರಿ ಆದದ್ದೂ ಕೆಲವರಲ್ಲಿ ಮತ್ತೆ ಕೆಡುತ್ತದೆ. ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಾಲ್ವ್ ರಿಪೇರಿ ಮಾಡಿದ್ದೆವು. ಆರು ವರ್ಷ ಆದ ಮೇಲೆ ವಾಪಸ್ ಬಂದ. ಎರಡನೇ ಸಲ ಎದೆ ತೆರೆದಾಗ ಎಲ್ಲ ಅಂಟಿಕೊಂಡು ಬಹಳ ಕಷ್ಟವಾಯಿತು, ವಾಲ್ವ್ ಬದಲಾಯಿಸಬೇಕಾಯಿತು. ಮೊದಲೇ ಬದಲಾಯಿಸಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತಲ್ಲ ಅಂತ ಅವನ ತಾಯಿ ನನ್ನನ್ನು ಕೇಳಿದರು. ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಆ ಆರು ವರ್ಷ ಅವನು ರಕ್ತದ ಮಾತ್ರೆ ಇಲ್ಲದೆ ಶಾಲೆಗೆ ಹೋದ, ಮರ ಹತ್ತಿದ, ಬಿದ್ದು ಗಾಯ ಮಾಡಿಕೊಂಡು ಎದ್ದ. ನಾನಾಗಿದ್ದರೆ ಆ ಆರು ವರ್ಷವನ್ನೇ ಆರಿಸಿಕೊಳ್ಳುತ್ತಿದ್ದೆ. ಬೇರೆಯವರು ಬೇರೆ ರೀತಿ ಆರಿಸಿಕೊಳ್ಳಬಹುದು. ಆರಿಸಿಕೊಳ್ಳಲು ಎರಡು ದಾರಿ ಇವೆ ಅಂತ ಅವರಿಗೆ ಗೊತ್ತಿರಬೇಕು, ಅಷ್ಟೇ.

ಕೃತಕ ವಾಲ್ವಿನ ಮೇಲೆ ನನಗೆ ದ್ವೇಷವಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯಥಾನ್ ಮತ್ತು ಅವರ ತಂಡ ನಮ್ಮ ದೇಶದ್ದೇ ವಾಲ್ವ್ ಮಾಡಿದರು. ಮೂರು ಮಾದರಿ ಸೋತವು, ನಾಲ್ಕನೆಯದು ಗೆದ್ದಿತು, 1990ರಲ್ಲಿ ಮೊದಲ ರೋಗಿಗೆ ಹಾಕಿದರು. ಆಮೇಲೆ ಅವರು ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು, 2024ರಲ್ಲಿ ಅಲ್ಲೇ ತೀರಿಕೊಂಡರು. ಆ ಚಿತ್ರಾ ವಾಲ್ವನ್ನು ನನ್ನ ಕೈಯಿಂದಲೇ ಎಷ್ಟೋ ಸಲ ಎತ್ತಿಕೊಟ್ಟಿದ್ದೇನೆ. ವಿದೇಶಿ ವಾಲ್ವ್ ಕೊಳ್ಳಲು ಆಗದ ಎಷ್ಟು ಮನೆಗಳನ್ನು ಅದು ಉಳಿಸಿತು. ಬೇರೆ ದಾರಿ ಇಲ್ಲದಾಗ ಮೆಟಲ್ ವಾಲ್ವ್ ಜೀವ ಉಳಿಸುತ್ತದೆ, ಮಾತ್ರೆ ತಪ್ಪದೆ ತಗೊಂಡು ಮೊಮ್ಮಕ್ಕಳನ್ನು ಆಡಿಸುತ್ತಿರುವವರೂ ಇದ್ದಾರೆ. ಪ್ರಾಣಿಯ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವಿಗೆ ಜೀವನಪೂರ್ತಿ ಆ ಮಾತ್ರೆ ಬೇಡ, ಆದರೆ ಚಿಕ್ಕ ವಯಸ್ಸಿನವರಲ್ಲಿ ಅದು ಬೇಗ ಸವೆಯುತ್ತದೆ.

ನನ್ನ ಮಾತು ಹೆಚ್ಚಾಗಿ ವಯಸ್ಸಿನ ಹೆಣ್ಣುಮಕ್ಕಳ ಬಗ್ಗೆ. ರಕ್ತ ತೆಳು ಮಾಡುವ ಆ ಮಾತ್ರೆ ಬಸುರಿನ ಆರರಿಂದ ಹನ್ನೆರಡನೇ ವಾರದಲ್ಲಿ ಮಗುವಿಗೆ ಅಂಗದೋಷ ತರಬಹುದು. ಮಾತ್ರೆ ಬಿಟ್ಟರೆ ತಾಯಿಯ ವಾಲ್ವ್ ಕಟ್ಟಬಹುದು. ಬದಲಿಗೆ ಹೆಪಾರಿನ್ ಚುಚ್ಚುಮದ್ದು, ಪದೇ ಪದೇ ಪರೀಕ್ಷೆ. ದೊಡ್ಡ ಊರಿನಲ್ಲೇ ಇದು ಕಷ್ಟ, ಹಳ್ಳಿಯಲ್ಲಿ ಹೇಗೆ ಸಾಧ್ಯ? ಮದುವೆ ಆಗದ ಹುಡುಗಿಗೆ ಮೆಟಲ್ ವಾಲ್ವ್ ಹಾಕುವ ಮುಂಚೆ ಇದನ್ನು ಕೂರಿಸಿಕೊಂಡು ಹೇಳುವವರು ಎಷ್ಟು ಜನ?

ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಬೀದಿಯವರು ಮಗಳ ಫೈಲ್ ಹಿಡಿದು ಬಂದರು. ಹುಡುಗಿಗೆ 23 ವರ್ಷ. ಒಂದು ಆಸ್ಪತ್ರೆಯಲ್ಲಿ ಮೆಟಲ್ ವಾಲ್ವ್ ಅಂದಿದ್ದರು, ಆಪರೇಷನ್ ತಾರೀಖನ್ನೂ ಕೊಟ್ಟಿದ್ದರು. ನೀವೇ ಒಂದು ದಾರಿ ಹೇಳಿ ಅಕ್ಕ, ಅಂತ ತಾಯಿ ಅತ್ತರು. ಅಕ್ಕ ಅಂದದ್ದು ಕೇಳಿ ನನಗೂ ತಡೆಯಲಾಗಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ ಅಂದೆ: ರಿಪೇರಿ ಆಗುತ್ತಾ, ಆಗದಿದ್ದರೆ ಯಾಕೆ ಆಗಲ್ಲ? ಅಲ್ಲಿ ಆ ಕೆಲಸ ಜಾಸ್ತಿ ಮಾಡುತ್ತಿರಲಿಲ್ಲ. ರಿಪೇರಿ ಮಾಡುವ ಇನ್ನೊಂದು ಕಡೆ ಹೋದರು. ಅಲ್ಲಿನ ಸರ್ಜನ್ ನೇರವಾಗಿ ಹೇಳಿದರಂತೆ, ಪ್ರಯತ್ನ ಮಾಡುತ್ತೇನೆ, ಮಾತು ಕೊಡಲು ಆಗಲ್ಲ, ಆಗದಿದ್ದರೆ ಅದೇ ಮೇಜಿನ ಮೇಲೆ ವಾಲ್ವ್ ಹಾಕುತ್ತೇನೆ, ಒಪ್ಪಿಗೆ ಇದ್ದರೆ ಸಹಿ ಹಾಕಿ ಅಂತ. ತೇಪೆ, ರಿಂಗ್ ಹಾಕಿದರು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಯಿತು. ಮೊದಲ ಮೂರು ತಿಂಗಳು ರಕ್ತದ ಮಾತ್ರೆ, ಆಮೇಲೆ ನಿಲ್ಲಿಸಿದರು. ಈಗ ಅವಳಿಗೆ ಒಂದು ಹೆಣ್ಣುಮಗು ಇದೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿಕೊಂಡಿದ್ದಾಳೆ. ಮತ್ತೆ ರುಮ್ಯಾಟಿಕ್ ಜ್ವರ ಬಂದರೆ ರಿಪೇರಿ ಮಾಡಿದ ವಾಲ್ವ್ ಇನ್ನಷ್ಟು ಕೆಡುತ್ತದೆ ಅಂತ ಅವಳಿಗೆ ಗೊತ್ತು.

ಆ ಇಂಜೆಕ್ಷನ್ ಬಗ್ಗೆ ಸರ್ಕಾರಕ್ಕೆ ಒಂದು ಮಾತು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದು ತಪ್ಪದೆ ಸಿಗಬೇಕು. ಐಎನ್ಆರ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು, ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಹೇಳುವ ಯಂತ್ರ ಈಗ ಬಂದಿದೆ. ಮೆಟಲ್ ವಾಲ್ವ್ ಇರುವ ಹೆಂಗಸರ ಹತ್ತಿರ ಮುಟ್ಟಿನ ರಕ್ತಸ್ರಾವದ ಬಗ್ಗೆ ನರ್ಸ್‌ಗಳೇ ಕೇಳಲಿ, ಅವರಾಗಿ ಹೇಳುವುದಿಲ್ಲ. ಗಂಟಲು ನೋವಾದ ಮೇಲೆ ಕೀಲಿನಿಂದ ಕೀಲಿಗೆ ಹಾರುವ ನೋವನ್ನು ಬೆಳೆಯೋ ವಯಸ್ಸಿನ ನೋವು ಅಂತ ಬಿಡಬೇಡಿ ಅಂತ ಶಾಲೆಯ ಮೇಷ್ಟ್ರುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಿ.

ನಿಮಗೊಂದು ವಿನಂತಿ. ಲೇಖನ ಬರೆದ ಡಾಕ್ಟರಿಗೆ ಈ ಪತ್ರ ತಲುಪಿಸಿ. ತಪ್ಪೊಪ್ಪಿಗೆ ಬೇಡ, ಇನ್ನೊಂದು ಲೇಖನ ಬರೆಯಲಿ. ಬಲೂನ್ ಯಾರಿಗೆ ಆಗುತ್ತದೆ, ರಿಪೇರಿ ಯಾರಿಗೆ, ಬದಲಾವಣೆ ಯಾರಿಗೆ ಅಂತ ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು. ರಿಪೇರಿ ಅನ್ನುವ ಪದ ತಲೆಬರಹದಲ್ಲೇ ಇರಲಿ, ಕೊನೆಯ ತನಕ ಓದದವರ ಕಣ್ಣಿಗೂ ಬೀಳಲಿ.

ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ನಿವೃತ್ತ ಥಿಯೇಟರ್ ನರ್ಸ್,
ತುಮಕೂರು ಜಿಲ್ಲೆ